ಸೀರೆ ಉಡಿಸಿಕೊಟ್ಟ ಅಕ್ಕನಿಗೆ

ಸೆಪ್ಟೆಂಬರ್ 5ರ ಬೆಳಿಗ್ಗೆ ಹಾಸನದ ಬಸ್ ನಿಲ್ದಾಣದಲ್ಲಿ ನನ್ನ ಮಗಳಿಗೆ ನೆರವಾದ ಅಕ್ಕಾ, ಹೆಸರು ಕೇಳುವಷ್ಟರಲ್ಲಿ ನೀವು ಅರಕಲಗೂಡು ಬಸ್ ಹತ್ತಿಬಿಟ್ಟಿರಿ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ರಾಧಾಕೃಷ್ಣನ್ ಅವರ ಹುಟ್ಟುಹಬ್ಬ 1962ರಿಂದ ಶಿಕ್ಷಕರ ದಿನ. ಅವತ್ತು ಮಗಳ ಶಾಲೆಯಲ್ಲಿ ಹತ್ತನೇ ತರಗತಿಯವರೇ ಮೇಷ್ಟ್ರು, ಮೇಡಂಗಳಾಗಿ ಪಾಠ ಮಾಡುತ್ತಾರೆ. ಇವಳು ಗಣಿತದ ಮೇಡಂ. ಅವರ ಹಾಗೆಯೇ ಕಾಟನ್ ಸೀರೆ, ತುರುಬು, ಕೈಗೆ ವಾಚು. ಆಲೂರಿಂದ ಬರುವ ಬಸ್ಸಿನ ನೂಕುನುಗ್ಗಲಲ್ಲಿ ನೆರಿಗೆಯೆಲ್ಲ ಬಿಚ್ಚಿ, ಇಳಿಯುವಾಗ ಮಗುವಿನ ಕಣ್ಣಲ್ಲಿ ನೀರು. ಅಮ್ಮ ಜೊತೆಗಿರಲಿಲ್ಲ.

ನೀವಾಗಿಯೇ ಬಂದು “ಬಾ ಪುಟ್ಟಿ, ಅಳಬೇಡ” ಎಂದು ಕರೆದುಕೊಂಡು ಹೋದಿರಿ. ಒಂದೊಂದೇ ನೆರಿಗೆಯನ್ನು ಬೆರಳಲ್ಲಿ ಹಿಡಿದು ಮಡಿಸಿ, ನಿಮ್ಮ ಬಳೆಗೆ ಸಿಕ್ಕಿಸಿದ್ದ ಪಿನ್ನುಗಳನ್ನೇ ತೆಗೆದು ಸೆರಗಿಗೆ ಹಾಕಿದಿರಂತೆ. ಮೆಟ್ಟಿಲು ಹತ್ತುವಾಗ ನೆರಿಗೆ ಎಡಗೈಯಲ್ಲಿ ಎತ್ತಿ ಹಿಡಿಯಬೇಕೆಂದೂ ಹೇಳಿಕೊಟ್ಟಿರಿ. ನಿಮ್ಮ ಬಸ್ ಆಗಲೇ ಹೊರಡುತ್ತಿತ್ತು, ಆದರೂ ಅವಸರ ಮಾಡಲಿಲ್ಲ. ಅದೇ ನನಗೆ ದೊಡ್ಡದು.

ಎಂಟನೇ ತರಗತಿಗೆ ಇವಳು ಬೀಜಗಣಿತ ಹೇಳಿಕೊಟ್ಟಳು. ನಿಜವಾದ ಮೇಡಂ ಹಿಂದಿನ ಬೆಂಚಲ್ಲಿ ಕೂತು ಕೇಳಿ, ಕೊನೆಗೆ ಬೆನ್ನು ತಟ್ಟಿದರಂತೆ. ಆ ಖುಷಿಯಲ್ಲಿ ನಿಮ್ಮ ಪಾಲೂ ಇದೆ ಅಕ್ಕ. ನಮ್ಮ ಮನೆಯವರೆಲ್ಲರ ಪರವಾಗಿ ನಿಮಗೆ ಮನಸಾರೆ ಧನ್ಯವಾದ.