ಮಗಳಿಗೊಂದು ಪತ್ರ: ಆ ಗುಂಡು ಗೋಡೆಯ ಫ್ಲ್ಯಾಟು

ಪುಟ್ಟೀ,

ಭಾನುವಾರ ನೀನು ಫೋನ್ ಇಟ್ಟ ಮೇಲೆ ನಾನು ತಿರುಗಿ ಮಾಡಲಿಲ್ಲ. ಮಾಡಿದರೆ ಮತ್ತೆ ಜಗಳವೇ ಆಗುತ್ತಿತ್ತು, ಅದಕ್ಕೆ ಬರೆಯುತ್ತಿದ್ದೇನೆ. ಫ್ಲ್ಯಾಟಿಗೆ ಟೋಕನ್ ಮುಂಗಡ ಕೊಟ್ಟ ಮೇಲೆ ನನಗೆ ಹೇಳಿದೆಯಲ್ಲ ಅಂತ ಬೇಜಾರಾಗಿದ್ದು ನಿಜ. ಆದರೆ ನಮ್ಮ ಎರಡೂ ಕಡೆಯ ನೆಂಟರಲ್ಲಿ ಒಬ್ಬ ಹೆಣ್ಣುಮಗಳು ತನ್ನ ಸಂಬಳದಲ್ಲಿ, ತನ್ನೊಬ್ಬಳ ಹೆಸರಿಗೆ, ಅದೂ ಬೆಂಗಳೂರಲ್ಲಿ ಮನೆ ಮಾಡುತ್ತಿರುವುದು ಇದೇ ಮೊದಲು. ಎದುರು ಮನೆಯವರಿಗೆ ಆಗಲೇ ಹೇಳಿಬಿಟ್ಟಿದ್ದೇನೆ.

ನೀನು ಕಳಿಸಿದ ವಿಡಿಯೋ ಎಷ್ಟು ಸಲ ನೋಡಿದೆನೋ. ಗುಂಡು ಗೋಡೆ, ಅದರ ತುಂಬ ಕಿಟಕಿ, ಹಾಲಿಗೆಲ್ಲ ಬೆಳಗಿನ ಬಿಸಿಲು. ನಿಜವಾಗ್ಲೂ ಚೆಂದ ಇದೆ. ಆದರೆ ಬೀರು ಎಲ್ಲಿಡುತ್ತೀಯ? ಆ ಗೋಡೆಗೆ ಯಾವ ಬೀರೂ ಒರಗುವುದಿಲ್ಲ. ಮಲಗುವುದು ಮೇಲೆ ಅಟ್ಟದಲ್ಲಿ, ಬಚ್ಚಲು ಕೆಳಗೆ, ನಡುವೆ ಸುರುಳಿ ಮೆಟ್ಟಿಲು. ಈಗ ಹತ್ತಿ ಇಳಿಯುತ್ತೀಯ. ರಾತ್ರಿ ಎರಡಕ್ಕೆ ಜ್ವರ ಬಂದಾಗ?

'ಚೆಂದದ್ದು ಕಂಡರೆ ನಿನಗೆ ಭಯ ಅಮ್ಮ' ಅಂದೆಯಲ್ಲ. ಭಯ ಇದೆ. ಅದು ಇಲ್ಲಿ ಕೌಲ್ ಬಜಾರಿನಲ್ಲಿದ್ದ ನಮ್ಮ ಹಳೆಯ ಮನೆಯಿಂದ ಬಂದಿದ್ದು.

ಮುಂದೆ ಅಗಲ, ಹಿಂದೆ ಚೂಪು, ವ್ಯಾಘ್ರಮುಖದ ಸೈಟು. ಅದಕ್ಕೇ ಅಗ್ಗಕ್ಕೆ ಸಿಕ್ಕಿತ್ತು. ನಾವೇನು ಮಾರೋದಿದೆಯಾ ಅಂದಿದ್ದರು ನಿಮ್ಮಪ್ಪ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ನಮ್ಮ ಅದಿರಿನ ಲಾರಿ ಮನೆ ಮುಂದೆ ನಿಂತಿತು, ಅದರ ಕಂತು ನಿಲ್ಲಲಿಲ್ಲ. ಮನೆ ಮಾರಲು ಬೋರ್ಡು ಹಾಕಿದೆವು. ಬಂದವರೆಲ್ಲ ಮುಂದಿನ ಹಾಲು ನೋಡಿ ತಲೆಯಾಡಿಸುತ್ತಿದ್ದರು, ಹಿಂದಿನ ಕೋಣೆಗೆ ಹೋಗಿ ಸುಮ್ಮನಾಗುತ್ತಿದ್ದರು. ಮಂಚ ಎಲ್ಲಿ ಹಾಕ್ತೀರಿ ಅಂತ ಕೇಳುತ್ತಿದ್ದರು. ಆ ಕೋಣೆಯಲ್ಲೇ ನಿನ್ನ ಮೇಜಿತ್ತು. ಕೋಣೆ ದೊಡ್ಡದಾಗಿ ಕಾಣಲಿ ಅಂತ, ಯಾರಾದರೂ ನೋಡಲು ಬರುತ್ತಾರೆ ಅಂದಾಗಲೆಲ್ಲ ಮೇಜು, ಪುಸ್ತಕ, ಚಾಪೆ, ಕೊನೆಗೆ ನಿನ್ನನ್ನೂ ಮಾಳಿಗೆಗೆ ಕಳಿಸುತ್ತಿದ್ದೆ. ಅದು ನಿನ್ನ ಎಸ್ಸೆಸ್ಸೆಲ್ಸಿ ವರ್ಷ. ಮಾರ್ಚಿನ ನಮ್ಮೂರ ಬಿಸಿಲು. ನೀರಿನ ಟ್ಯಾಂಕಿನ ನೆರಳಿಗೆ ಕೂತು ನೀನು ಲೆಕ್ಕ ಮಾಡುತ್ತಿದ್ದೆ, ನೆರಳು ಸರಿದ ಹಾಗೆ ಚಾಪೆ ಎಳೆದುಕೊಂಡು ನೀನೂ ಸರಿಯುತ್ತಿದ್ದೆ. ಒಂದಿನ ಇಳಿದು ಬಂದು 'ಅವರು ತಗೊಂಡ್ರಾ ಅಮ್ಮ' ಅಂತ ಕೇಳಿದೆ. ಗದರಿಬಿಟ್ಟೆ. ನಿನ್ನ ಮುಖವೆಲ್ಲ ಕೆಂಪಾಗಿತ್ತು, ಬಿಸಿಲಿಗೋ ನನ್ನ ಮಾತಿಗೋ ಗೊತ್ತಿಲ್ಲ. ತಪ್ಪಾಯಿತು ಪುಟ್ಟಿ. ಆಗಲೇ ಹೇಳಬೇಕಿತ್ತು.

ಎರಡು ವರ್ಷ ಆ ಮನೆ ಹೋಗಲಿಲ್ಲ. ಕೊನೆಗೆ ಪಕ್ಕದ ಸೈಟಿನವರೇ ಕೊಂಡರು, ಅವರು ಹೇಳಿದ ರೇಟಿಗೆ. ಅವರನ್ನು ಬಿಟ್ಟರೆ ಆ ಜಾಗ ಯಾರಿಗೂ ಬೇಡ ಅಂತ ಅವರಿಗೂ ಗೊತ್ತಿತ್ತು.

ಈಗ ನಿನ್ನ ಫ್ಲ್ಯಾಟಿಗೆ ಬರುತ್ತೇನೆ. ಅಲ್ಲೇ ಹತ್ತು ಹದಿನೈದು ವರ್ಷ ಇರುತ್ತೀಯ ಅಂದರೆ ನಾನು ಇಷ್ಟು ಬರೆಯುತ್ತಲೇ ಇರಲಿಲ್ಲ. ಪುಣೆಗೆ ಟ್ರಾನ್ಸ್‌ಫರ್ ಆದರೆ ನಾಲ್ಕು ವರ್ಷಕ್ಕೆ ಮಾರುತ್ತೇನೆ ಅಂದವಳು ನೀನೇ ಅಲ್ವಾ? ಹಾಗಾದರೆ ಆ ಅಟ್ಟ ಮಂಜೂರಾದ ಪ್ಲಾನಿನಲ್ಲಿ ಇದೆಯಾ, ಇಲ್ಲ ಈಗಿನ ಮಾಲೀಕರು ಆಮೇಲೆ ಕಟ್ಟಿಸಿದ್ದಾ ಅಂತ ಮೊದಲು ನೋಡು. ಪ್ಲಾನಿನಲ್ಲಿ ಇಲ್ಲದಿದ್ದರೆ ಬ್ಯಾಂಕಿನವರು ಬೆಲೆ ಕಟ್ಟುವಾಗ ಅದನ್ನು ಬಿಟ್ಟುಬಿಡಬಹುದು. 30ರಿಂದ 75 ಲಕ್ಷದೊಳಗಿನ ಸಾಲಕ್ಕೆ ಬೆಲೆಯ ಶೇ. 80ರ ಮೇಲೆ ಕೊಡುವ ಹಾಗಿಲ್ಲ. ಅವರೇ ಬೆಲೆ ಇಳಿಸಿದರೆ ಸಾಲವೂ ಇಳಿಯಿತು. ನಾಳೆ ನಿನ್ನಿಂದ ಕೊಳ್ಳುವವರಿಗೂ ಇದೇ ಕಥೆ. ಇದರ ಮೇಲೆ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು ಶೇ. 2 ಆಗಿದೆ. ಸ್ಟಾಂಪ್ ಡ್ಯೂಟಿ, ಸೆಸ್ ಎಲ್ಲ ಸೇರಿ ಶೇ. 7.6. ನಿನ್ನ 72 ಲಕ್ಷಕ್ಕೆ ಐದೂವರೆ ಲಕ್ಷ ಬರೀ ಅದಕ್ಕೇ ಹೋಗುತ್ತದೆ, ಮಾರುವಾಗ ಅದನ್ನು ಯಾರೂ ವಾಪಸ್ ಕೊಡಲ್ಲ.

ಎಂಟು ಲಕ್ಷ ಕಡಿಮೆ ಮಾಡಿದ್ದಾರೆ ಅಂತ ಖುಷಿಯಲ್ಲಿ ಹೇಳಿದೆ. ಎಷ್ಟು ತಿಂಗಳಿಂದ ಮಾರಲು ಇಟ್ಟಿದ್ದಾರೆ ಅಂತ ಕೇಳಿದೆಯಾ? ಏಜೆಂಟ್ ಹೇಳಲ್ಲ, ವಾಚ್‌ಮನ್ ಹೇಳುತ್ತಾನೆ. ಅದೇ ಕಟ್ಟಡದಲ್ಲಿ ಮಾಮೂಲಿ ಎರಡು ಬೆಡ್‌ರೂಮಿನದು ಎಷ್ಟಕ್ಕೆ, ಎಷ್ಟು ದಿನಕ್ಕೆ ಹೋಯಿತು ಅಂತಲೂ ಕೇಳು. ಓಸಿ, ಅಂದರೆ ಕಟ್ಟಡದಲ್ಲಿ ವಾಸ ಮಾಡಬಹುದು ಅಂತ ಕೊಡುವ ಪತ್ರ, ಕಣ್ಣಾರೆ ನೋಡು. ಇ-ಖಾತಾ ಅನ್ನೋ ಪಾಲಿಕೆಯ ಆಸ್ತಿ ದಾಖಲೆಯಲ್ಲಿರುವ ಅಳತೆ ಅವರು ಹೇಳಿದ ಅಳತೆಗೆ ಹೊಂದುತ್ತದಾ ನೋಡು. ಊಟ ಸರಿಯಾಗಿ ಮಾಡು. ಪಾಠ ಶುರು ಮಾಡಿದೆ ಅನ್ನುತ್ತೀಯ, ಅನ್ನು.

ಬೇಡ ಅಂತ ನಾನು ಹೇಳುತ್ತಿಲ್ಲ. ದುಡ್ಡು ನಿನ್ನದು, ದುಡಿದವಳು ನೀನು. ಇದೆಲ್ಲ ನೋಡಿದ ಮೇಲೂ ಆ ಕಿಟಕಿಯೇ ಬೇಕು ಅನಿಸಿದರೆ ಪರದೆಯ ಬಟ್ಟೆ ನಾನೇ ಕೊಡಿಸುತ್ತೇನೆ.

ಶುಕ್ರವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಮಾಡಿಸಿದ್ದೇನೆ. ಶನಿವಾರಕ್ಕೆ ಫ್ಲ್ಯಾಟಿನ ಕೀಲಿ ಇಸಕೊಂಡಿರು. ಅಪ್ಪನ ಹಳೆಯ ಅಳತೆ ಟೇಪು ಬ್ಯಾಗಿಗೆ ಹಾಕಿಕೊಂಡಿದ್ದೇನೆ. ಮೊದಲು ಆ ಅಟ್ಟಕ್ಕೆ ಹತ್ತಬೇಕು.

ನಿನ್ನ ಅಮ್ಮ
ಬಳ್ಳಾರಿ