ಬಸ್ಸಿನ ಮಾಹಿತಿ ಎಲ್ಲರಿಗೂ ಮುಕ್ತವಾಗಲಿ

ಮಾನ್ಯ ಸಂಪಾದಕರೇ,

ಬೆಂಗಳೂರಿನಾಚೆಗೂ ಡಿಜಿಟಲ್ ಆರ್ಥಿಕತೆ ಬೆಳೆಯಬೇಕೆಂಬ ಮಾತು ಬಂದಾಗಲೆಲ್ಲ ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡಗಳಿಗೆ ಟೆಕ್ ಪಾರ್ಕು, ಜಮೀನು, ರಿಯಾಯಿತಿಗಳ ಭರವಸೆಯೇ ಮುಂದಾಗುತ್ತದೆ. ಅವು ಬೇಡವೆಂದಲ್ಲ. ಆದರೆ ಬೆಂಗಳೂರಿನಲ್ಲಿ ಈಚೆಗೆ ನಡೆದ ಗಟ್ಟಿ ಪ್ರಯೋಗವೊಂದು ಹುಟ್ಟಿದ್ದು ಆಟೊ ಸ್ಟ್ಯಾಂಡಿನ ಸಿಟ್ಟಿನಿಂದ.

2022ರಲ್ಲಿ ಮೊದಲ ಎರಡು ಕಿ.ಮೀ.ಗೆ ಸರ್ಕಾರಿ ದರ 30 ರೂಪಾಯಿ ಇದ್ದಾಗ ಆ್ಯಪ್‌ಗಳು ಕನಿಷ್ಠ 100 ರೂಪಾಯಿ ಕೀಳುತ್ತಿವೆಯೆಂದು ಪ್ರಯಾಣಿಕರು ದೂರಿದರೆ, ಕಮಿಷನ್ ಹೋಗಿ ತಮಗೆ ಉಳಿಯುವುದು ಅಷ್ಟಕ್ಕಷ್ಟೇ ಎಂದು ಚಾಲಕರು ದೂರುತ್ತಿದ್ದರು. ಅದೇ ನವೆಂಬರಿನಲ್ಲಿ ಆಟೊ ಚಾಲಕರ ಸಂಘದ ಬೆಂಬಲದೊಂದಿಗೆ ಬಂದ ‘ನಮ್ಮ ಯಾತ್ರಿ’ ಆ್ಯಪ್ ಕಮಿಷನ್ನನ್ನೇ ಕೈಬಿಟ್ಟು, ಮುಂದೆ ದಿನಕ್ಕೆ 25 ರೂಪಾಯಿಯ ಶುಲ್ಕ ಗೊತ್ತುಮಾಡಿತು. ಬಾಡಿಗೆ ಮುಗಿದ ಮೇಲೆ ಪ್ರಯಾಣಿಕರು ಚಾಲಕರ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿದರೆ ಹಣ ನೇರವಾಗಿ ಅವರ ಖಾತೆಗೇ ಬೀಳುತ್ತದೆ. 2016ರಲ್ಲಿ ಆರಂಭವಾದ ಯುಪಿಐ ಎಲ್ಲರಿಗೂ ಮುಕ್ತವಾಗಿಲ್ಲದಿದ್ದರೆ ಈ ಲೆಕ್ಕಾಚಾರ ಕೂಡುತ್ತಲೇ ಇರಲಿಲ್ಲ. ಒಂದೆರಡು ವರ್ಷಗಳಲ್ಲಿ ದೊಡ್ಡ ಕಂಪನಿಗಳೂ ಆಟೊಗಳ ಮಟ್ಟಿಗೆ ಕಮಿಷನ್ ಬಿಟ್ಟು ಇದೇ ಬಗೆಯ ಶುಲ್ಕಕ್ಕೆ ಬಂದವು. (ಮೀಟರ್ ಮೇಲೆ ‘ಎಕ್ಸ್‌ಟ್ರಾ’ ಕೇಳುವುದು ನಿಂತಿಲ್ಲ, ಅದು ಬೇರೆ ಮಾತು.) 2025ರಲ್ಲಿ ಒಎನ್‌ಡಿಸಿ ಎಂಬ, ಯಾವ ಆ್ಯಪ್ ಬೇಕಾದರೂ ಸೇರಬಹುದಾದ ಮುಕ್ತ ವ್ಯಾಪಾರ ಜಾಲದ ಮೂಲಕ ನಮ್ಮ ಮೆಟ್ರೊ ಟಿಕೆಟ್ ಕೂಡ ಹಲವು ಆ್ಯಪ್‌ಗಳಲ್ಲಿ ಸಿಗತೊಡಗಿತು.

ಇದೇ ಮುಕ್ತತೆ ಮೈಸೂರಿನ ಬಸ್ಸಿನ ಮಾಹಿತಿಗೂ ಬರಬೇಕು. ಬಸ್ಸಿನ ಮಾಹಿತಿ ಕೊಡುವುದರಲ್ಲಿ ಮೈಸೂರು ಒಂದು ಕಾಲಕ್ಕೆ ಮುಂದಿತ್ತು. 2012ರಲ್ಲೇ ಇಲ್ಲಿನ ಸುಮಾರು 500 ನಗರ ಸಾರಿಗೆ ಬಸ್ಸುಗಳಿಗೆ ಜಿಪಿಎಸ್ ಅಳವಡಿಸಿ, ಬಸ್ಸು ಬರುವ ಹೊತ್ತನ್ನು ನಿಲ್ದಾಣದ ಫಲಕಗಳಲ್ಲಿ ತೋರಿಸುವ ವ್ಯವಸ್ಥೆ ಬಂದಿತ್ತು. ಈಗ ಬೇಕಾಗಿರುವುದು ಮತ್ತೊಂದು ಫಲಕವಲ್ಲ, ಮತ್ತೊಂದು ಸರ್ಕಾರಿ ಆ್ಯಪ್ ಕೂಡ ಅಲ್ಲ. ಮಾರ್ಗ, ವೇಳಾಪಟ್ಟಿ, ಬಸ್ಸು ಈ ಕ್ಷಣ ಎಲ್ಲಿದೆ ಎಂಬ ಮಾಹಿತಿಯನ್ನು ಯಾರು ಬೇಕಾದರೂ ಬಳಸಬಹುದಾದ ರೂಪದಲ್ಲಿ, ಅರ್ಜಿ–ಅನುಮತಿಗಳ ಗೊಡವೆಯಿಲ್ಲದೆ ಪ್ರಕಟಿಸಿದರೆ ಸಾಕು. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ ಮುಗಿಸಿದವರಿಗೆ ಯಾವ ಗೇಟಿನ ಬಳಿ ನಿಂತರೆ ಬೇಗ ಬಸ್ಸು ಸಿಗುತ್ತದೆಂದು ತಿಳಿಸುವ ಸಣ್ಣ ಸೇವೆಯನ್ನು ಇಲ್ಲಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳೇ ಕಟ್ಟಬಲ್ಲರು. ಲಾಭ ಕಡಿಮೆಯೆಂದು ದೊಡ್ಡ ಕಂಪನಿಗಳು ಅಂಥದ್ದಕ್ಕೆ ಕೈಹಾಕುವುದು ಅಪರೂಪ. ಚಾಲಕ, ನಿರ್ವಾಹಕರ ಹೆಸರನ್ನಾಗಲಿ ಪ್ರಯಾಣಿಕರ ವಿವರವನ್ನಾಗಲಿ ಹೊರಗೆ ಬಿಡಬೇಕಿಲ್ಲ, ಬಸ್ಸಿನ ಮಾರ್ಗಸಂಖ್ಯೆಯೇ ಸಾಕು.

ಸಾರಿಗೆ ಸಂಸ್ಥೆಯವರು ಇದನ್ನು ಮುಂದಿನ ದಸರಾ ಹೊತ್ತಿಗಾದರೂ ಆರಂಭಿಸಲಿ. ಜಂಬೂಸವಾರಿಯ ದಿನ ಯಾವ ಬಸ್ಸು ಯಾವ ರಸ್ತೆಗೆ ತಿರುಗಿದೆಯೆಂದು ಊರಿನವರಿಗೇ ತಿಳಿಯುವುದಿಲ್ಲ. ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ದಿನವಿಲ್ಲ.

— ಒಬ್ಬ ಓದುಗ, ಕುವೆಂಪುನಗರ, ಮೈಸೂರು