ಇಳಿಜಾರಿಗೂ ಅಳತೆ ಇದೆ

ಮಾನ್ಯ ಸಂಪಾದಕರೇ,

ಅಂಗವಿಕಲ ಯುವಜನರನ್ನು ಸಮಿತಿಗೆ ಸೇರಿಸಿಕೊಂಡಿದ್ದೇವೆ ಎನ್ನುವವರು ಮೊದಲು ಸಭಾಂಗಣದ ಬಾಗಿಲಲ್ಲಿ ಟೇಪು ಹಿಡಿಯಲಿ. ಒಂದಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದದ ಇಳಿಜಾರು ಬೇಕು. ನಾಲ್ಕೇ ಅಡಿಯಲ್ಲಿ ಮುಗಿಸಿದರೆ ಗಾಲಿಕುರ್ಚಿ ಹಿಂದಕ್ಕೆ ಮಗುಚಬಹುದು; ಅಂಥದ್ದು ಫೋಟೊಗಷ್ಟೇ ಚೆಂದ. ಸಭೆಯ ಕಾರ್ಯಸೂಚಿಯನ್ನು ಸ್ಕ್ಯಾನ್ ಮಾಡಿದ ಚಿತ್ರವಾಗಿ ಕಳಿಸಿದರೆ ಅಂಧರಿಗೆ ಪರದೆಯ ಬರಹ ಓದಿಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶಕ್ಕೆ ಅಕ್ಷರ ಸಿಗುವುದಿಲ್ಲ. ಯುನಿಕೋಡ್‌ನಲ್ಲಿ ಟೈಪಿಸಿ, ವಾರ ಮೊದಲೇ ಕಳಿಸಿ. ಎರಡು ಗಂಟೆಯ ಸಭೆಗೆ ಸನ್ನೆ ಭಾಷೆಯ ದುಭಾಷಿಗಳು ಇಬ್ಬರಿರಬೇಕು. ಒಬ್ಬರೇ ಆದರೆ ಕೈ, ತಲೆ ಎರಡೂ ದಣಿದು ಅರ್ಧ ಮಾತು ಬಿಟ್ಟುಹೋಗುತ್ತದೆ.

ನಿರ್ಧಾರ ಕೈಗೊಳ್ಳುವಾಗ ಅಂಗವಿಕಲ ಮಕ್ಕಳನ್ನೂ ಒಳಗೊಂಡು ಸಮಾಲೋಚಿಸಬೇಕೆಂದು ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2006ರ ಒಡಂಬಡಿಕೆಯ 4ನೇ ವಿಧಿ ಹೇಳುತ್ತದೆ. ಈ ಯುವಜನರ ಕೈಯಿಂದ ಅತಿಥಿಗಳಿಗೆ ಹೂಗುಚ್ಛ ಕೊಡಿಸಿದ್ದು ಸಾಕು. ಬಜೆಟ್ ಮೇಲೆ ಮತ ಹಾಕುವ ಹಕ್ಕು, ಒಂದಾದರೂ ಉಪಸಮಿತಿಯ ಅಧ್ಯಕ್ಷತೆ ಅವರಿಗೆ ಕೊಡಿ.

– ಅಂಗವಿಕಲರ ಹಕ್ಕುಗಳ ಕಾರ್ಯಕರ್ತರು